ಳಕಾರದ ಕಾವಲುಗಾರ

ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಇನಾಯತ್ ಉಲ್ಲಾ ಸಾಹೇಬರ ಪ್ರೆಸ್ಸಿದೆ. ಅಲ್ಲಿ ಕನ್ನಡದ ಕರಡು ತಿದ್ದುವವನು ಮುನಾವರ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಯಾವುದೇ ಬರಲಿ, ಮೊದಲು ಅವನ ಮೇಜಿಗೆ ಬರಬೇಕು. ಕೆಂಪು ಪೆನ್ನು ಹಿಡಿದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಠಾಣೆಗೆ ಎಳೆತಂದ ಕಳ್ಳನನ್ನು ನೋಡುವ ಹಾಗೆ ಅವನು ಒಂದೊಂದೇ ಅಕ್ಷರವನ್ನು ನೋಡುತ್ತಾನೆ. ಒಂದು ಒತ್ತು, ಒಂದು ದೀರ್ಘ ಅವನ ಕಣ್ಣು ತಪ್ಪಿಸಿ ಆಚೆ ಹೋದದ್ದನ್ನು ಕಂಡವರಿಲ್ಲ. ಅನುಮಾನ ಎನ್ನುವುದು ಬೇರೆಯವರಿಗೆ ರೋಗ, ಅವನಿಗೆ ಅದೇ ಸಂಬಳ.

ಆದರೆ ಆ ಕೆಂಪು ಪೆನ್ನನ್ನು ಸಂಜೆ ಪ್ರೆಸ್ಸಿನಲ್ಲೇ ಬಿಟ್ಟು ಮನೆಗೆ ಹೋಗುವ ಬುದ್ಧಿ ಅವನಿಗೆ ಬರಲೇ ಇಲ್ಲ. ಚಹಾ ಎಂದಿಗಿಂತ ಸಿಹಿಯಾಗಿದ್ದರೆ ಇವತ್ತು ಯಾರಿಗೆ ನನ್ನಿಂದ ಏನು ಕೆಲಸ ಆಗಬೇಕಾಗಿದೆ ಎಂದು ಯೋಚಿಸುತ್ತಾನೆ. ಸಾಹೇಬರು ನಕ್ಕು ಮಾತಾಡಿಸಿದರೆ ಯಾವುದೋ ಕಾರ್ಡಿನಲ್ಲಿ ತಪ್ಪು ಸಿಕ್ಕಿದೆ ಎಂದು ಬೆವರುತ್ತಾನೆ. ಹೆಣ್ಣು ನೋಡಲು ಹೋದ ಕಡೆಯಲ್ಲೂ ಇದೇ ಕಥೆ. ಹುಡುಗಿ ಮಾತಾಡದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಮಾತಾಡಿದರೆ ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ. ಕೊನೆಗೆ ಸಂಬಂಧ ತರುವವರೇ ಸಾಕುಸಾಕಾಗಿ ಕೈಬಿಟ್ಟರು. ಐವತ್ತು ಹತ್ತಿರ ಬಂದರೂ ಮನೆಯಲ್ಲಿ ಅವನು ಮತ್ತು ತಾಯಿ ಮೆಹರುನ್ನೀಸಾ, ಇಬ್ಬರೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ ಅವನಿಗೆ ಕಂಡದ್ದೆಲ್ಲ ಅಚ್ಚಿನ ತಪ್ಪು.

ಇಂಥವನು ಕಥೆ ಬರೆಯುತ್ತಾನೆಂದರೆ ಪ್ರೆಸ್ಸಿನವರು ಯಾರೂ ನಂಬುತ್ತಿರಲಿಲ್ಲ. ನಂಬುವುದಿರಲಿ, ಅವರಿಗೆ ಗೊತ್ತೇ ಇರಲಿಲ್ಲ. ಒಂದೇ ಕಥೆ. ಎಷ್ಟೋ ವರ್ಷಗಳಿಂದ ಅದನ್ನೇ ಬರೆಯುತ್ತಿದ್ದ. ಪ್ರೆಸ್ಸಿನ ಕಂಪ್ಯೂಟರು ಹಳತಾಗಿ ಹೊಸದು ಬಂತು, ಅದೂ ಕೆಟ್ಟು ಇನ್ನೊಂದು ಬಂತು, ಕಥೆ ಮಾತ್ರ ಮುಗಿಯಲಿಲ್ಲ. ಮಧ್ಯಾಹ್ನ ಉಳಿದವರು ಊಟಕ್ಕೆ ಎದ್ದಾಗ ಒಂದಷ್ಟು ಟೈಪು ಮಾಡುವುದು, ಹಾಳಾದ ಹಾಳೆಗಳ ಬೆನ್ನಿಗೆ ಪ್ರಿಂಟು ತೆಗೆಯುವುದು, ಕೆಂಪು ಪೆನ್ನಿನಿಂದ ತಿದ್ದುವುದು, ತಿದ್ದಿ ತಿದ್ದಿ ಹಾಳೆ ಕೆಂಪಾದ ಮೇಲೆ ಕಟಿಂಗ್ ಮಷೀನಿನ ಪಕ್ಕದ ಕಸದ ಡಬ್ಬಿಗೆ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡುವುದು.

ಕಥೆ ಅವನ ತಾಯಿಯದು. ಮೆಹರುನ್ನೀಸಾ ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಹಲಸೂರಿನ ಬೀದಿಗಳಲ್ಲಿ ಬಳೆ ಮಾರಿ ಮಗನನ್ನು ಸಾಕಿದವಳು. ಕನ್ನಡವನ್ನು ಅವಳು ಕಲಿತದ್ದು ಶಾಲೆಯಲ್ಲಲ್ಲ, ಹೊಸ್ತಿಲುಗಳಲ್ಲಿ, ಹೆಂಗಸರ ಕೈ ಹಿಡಿದು ಬಳೆ ತೊಡಿಸುತ್ತ ತೊಡಿಸುತ್ತ. ಎಲ್ಲ ಕಲಿತಳು, ಆದರೆ ದಖನಿ ಉರ್ದು ಆಡುವ ನಾಲಿಗೆಗೆ ‘ಳ’ ಮಾತ್ರ ಹತ್ತಲಿಲ್ಲ. ‘ಒಳ್ಳೆ ಬಳೆ’ ಎನ್ನಲು ಹೋದರೆ ‘ಒಲ್ಲೆ ಬಲೆ’ ಆಗುತ್ತಿತ್ತು. ಅದಾದರೂ ಹೋಗಲಿ. ಬುಟ್ಟಿ ಇಳಿಸಿ, ಬಳೆಯ ಸರ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದಳು: “ಕೆಂಪು ಬೇಕಾ, ಹಸಿರು ಬೇಕಾ, ಹೇಲಿ ಅಮ್ಮಾ!” ಹೇಳುವುದಕ್ಕೂ ಹೇಲುವುದಕ್ಕೂ ಎಷ್ಟು ದೂರ ಎಂಬುದನ್ನು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟಿಯ ಹಿಂದೆ ನಿಂತಿರುತ್ತಿದ್ದ ಪುಟ್ಟ ಮುನಾವರ್, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುವುದನ್ನು ನೋಡುತ್ತಿದ್ದ. ಪಾಪ, ಅಮ್ಮಿಗೆ ಗೊತ್ತೇ ಇಲ್ಲ ಎಂದುಕೊಳ್ಳುತ್ತಿದ್ದ.

ಅವನು ಳಕಾರದ ಕಾವಲುಗಾರನಾದದ್ದು ಹೀಗೆ. ತನ್ನ ನಾಲಿಗೆಯನ್ನು ತಿಕ್ಕಿ ತೊಳೆದು ‘ಳ’ ಕಲಿತ. ಕನ್ನಡದಲ್ಲಿ ಕ್ಲಾಸಿಗೇ ಮೊದಲಿಗನಾದ. ಕಥೆಯನ್ನು ಮೊದಲ ಸಲ ಬರೆದಾಗ, ಆವೇಶದಲ್ಲಿ, ಅಮ್ಮಿ ಹೇಗೆ ಮಾತಾಡುತ್ತಿದ್ದಳೋ ಹಾಗೇ ಟೈಪು ಮಾಡಿಬಿಟ್ಟಿದ್ದ. ಮಾರನೆಯ ದಿನ ಓದಿ ಗಾಬರಿಯಾದ. ಇದು ಅಚ್ಚಾದರೆ ಹಲಸೂರಿನ ಒಂದು ಬೀದಿ ನಕ್ಕದ್ದು ಸಾಲದೆಂದು ಇಡೀ ಕರ್ನಾಟಕ ಅವಳನ್ನು ನೋಡಿ ನಗುತ್ತದೆ. ಆಮೇಲೆ ಎಲ್ಲ ‘ಲ’ಗಳನ್ನೂ ಹುಡುಕಿ ಹುಡುಕಿ ‘ಳ’ ಮಾಡಿದ. ಅಷ್ಟಾದರೂ ಸಮಾಧಾನವಿಲ್ಲ, ಎಲ್ಲೋ ಏನೋ ತಪ್ಪಿದೆ ಎಂಬ ಅನುಮಾನ. ಮತ್ತೆ ತಿದ್ದಿದ. ಮತ್ತೆ ಅನುಮಾನ.

ಈ ಗುಟ್ಟು ಹೊರಬಿದ್ದದ್ದು ಅವನ ಅಜಾಗರೂಕತೆಯಿಂದಲೇ. ಇಂದಿರಾನಗರದಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವ ಮೋನಿಷಾ ಎಂಬ ಹುಡುಗಿ ತನ್ನ ಪುಸ್ತಕಗಳ ಕರಡನ್ನು ಅವನಿಗೇ ಕೊಡುತ್ತಿದ್ದಳು. ಒಂದು ದಿನ ಫೋನು ಮಾಡಿದಳು.

“ಸರ್, ನೀವು ಕಳಿಸಿದ ಪ್ರೂಫ್ ಮಧ್ಯೆ ಒಂದು ಎಕ್ಸ್‌ಟ್ರಾ ಶೀಟ್ ಬಂದಿದೆ. ಬಳೆ ಮಾರೋರ ಕಥೆ. ಯಾರ್ದು ಸರ್?”

ಮುನಾವರ್ ಫೋನನ್ನು ಕಿವಿಗೆ ಒತ್ತಿ ದನಿ ತಗ್ಗಿಸಿದ. “ಯಾರ್ದೋ ಗಿರಾಕಿದು ಮೇಡಂ. ಹರಿದು ಬಿಸಾಕ್ಬಿಡಿ.”

“ಬಿಸಾಕೋದಾ? ತುಂಬಾ ಚೆನ್ನಾಗಿದೆ! ಹೊಸಬರ ಕಥೆಗಳ ಕಲೆಕ್ಷನ್ ಮಾಡ್ತಿದೀನಲ್ಲ, ಅದಕ್ಕೆ ಬೇಕು. ಈ ತಿಂಗಳ ಕೊನೆಯೊಳಗೆ ಪೂರ್ತಿ ಕಥೆ ಕೊಡ್ಸಿ. ಆ ತಾಯಿ ಮಾತಾಡೋದು ಮಾತ್ರ ಸ್ವಲ್ಪ ಸ್ಟಿಫ್ ಅನ್ಸುತ್ತೆ, ಅಷ್ಟೇ.” ಸ್ವಲ್ಪ ತಡೆದು ಕೇಳಿದಳು: “ನಿಮ್ದೇ ಅಲ್ವಾ ಸರ್?”

“ಕೇಳಿ ಹೇಳ್ತೀನಿ ಮೇಡಂ,” ಎಂದು ಮುನಾವರ್ ಫೋನು ಇಟ್ಟ.

ಇಟ್ಟವನು ಲೆಕ್ಕಾಚಾರಕ್ಕೆ ಕೂತ. ಈ ಹುಡುಗಿ ಯಾಕೆ ಹೊಗಳಿದಳು? ಮುಂದಿನ ಪುಸ್ತಕದ ಕರಡನ್ನು ಪುಕ್ಕಟೆ ತಿದ್ದಿಸಿಕೊಳ್ಳುವುದಕ್ಕಾ? ಸಾಬರೊಬ್ಬರು ಕನ್ನಡದಲ್ಲಿ ಬರೆದಿದ್ದಾರೆ ನೋಡಿ ಎಂದು ವೇದಿಕೆಯಲ್ಲಿ ತೋರಿಸುವುದಕ್ಕಾ? ಇಲ್ಲಾ, ಸ್ಟಿಫ್ ಎಂದಳಲ್ಲ, ಅದೇ ನಿಜವಾದ ಮಾತು, ಉಳಿದದ್ದು ಔಷಧಿಗೆ ಮೊದಲು ಕೊಡುವ ಸಕ್ಕರೆಯಾ? ಒಂದು ಕಡೆ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ, ಆ ಕಥೆ ಅಚ್ಚಾಗಬೇಕೆಂದು ಅವನಿಗೆ ಹಸಿವಿನಂಥ ಆಸೆಯಿತ್ತು. ಇನ್ನೊಂದು ಕಡೆ ಕೊಡಲು ಧೈರ್ಯವಿಲ್ಲ. ಸರಿ, ಇನ್ನೊಂದು ಸಲ ತಿದ್ದೋಣ ಎಂದು ಹೊರಟ. ಅಮ್ಮಿಯ ಮಾತುಗಳಲ್ಲಿ ಇನ್ನೂ ಎಲ್ಲೋ ತಪ್ಪು ಉಳಿದಿರಬೇಕೆಂದು ಅವನ್ನೆಲ್ಲ ಇನ್ನಷ್ಟು ಶುದ್ಧ ಮಾಡಿದ. “ಯಾವ ಬಣ್ಣದ ಬಳೆ ಬೇಕೆಂದು ತಿಳಿಸಿ ತಾಯಿ” ಎಂದು ಬರೆಯುವ ಮಟ್ಟಕ್ಕೆ ಬಂದ. ಕಸದ ಡಬ್ಬಿಗೆ ಹಾಳೆಗಳು ಬೀಳತೊಡಗಿದವು.

ಆಗ ಒಂದು ವಿಚಿತ್ರ ಅವನ ಕಣ್ಣಿಗೆ ಬಿತ್ತು. ಡಬ್ಬಿಯಲ್ಲಿ ಹಾಳಾದ ಲಗ್ನಪತ್ರಿಕೆಗಳು ಹಾಗೇ ಇರುತ್ತಿದ್ದವು, ಅವನ ಕಥೆಯ ಹಾಳೆಗಳು ಮಾತ್ರ ಇರುತ್ತಿರಲಿಲ್ಲ.

ಮೊದಲ ದಿನ ಗುಡಿಸುವವಳು ತೆಗೆದಿರಬೇಕು ಎಂದುಕೊಂಡ. ಎರಡನೆಯ ಸಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಕಟಿಂಗ್ ಮಷೀನ್ ನಡೆಸುವ ಲಕ್ಷ್ಮಿಕಾಂತ, ಸೇಡಂ ಕಡೆಯವನು, ಹೆಂಡತಿಯೊಡನೆ ಮರ್ಫಿ ಟೌನಿನಲ್ಲಿ ಬಾಡಿಗೆ ರೂಮಿನಲ್ಲಿರುವವನು, ಹೊರಡುವ ಹೊತ್ತಿಗೆ ಅತ್ತಿತ್ತ ನೋಡಿ, ಡಬ್ಬಿಗೆ ಕೈ ಹಾಕಿ, ಹಾಳೆಗಳನ್ನು ಮಡಚಿ ಊಟದ ಚೀಲಕ್ಕೆ ಸೇರಿಸಿದ.

ಅಲ್ಲಿಂದ ಮುನಾವರನಿಗೆ ಎಲ್ಲವೂ ಸಾಕ್ಷಿಯೇ. ಲಕ್ಷ್ಮಿಕಾಂತ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಾನೆ: ನನ್ನ ಕಥೆಯನ್ನು ಟೈಪು ಮಾಡುತ್ತಿದ್ದಾನೆ. ಲಕ್ಷ್ಮಿಕಾಂತ ತನ್ನಷ್ಟಕ್ಕೆ ನಗುತ್ತಿದ್ದಾನೆ: ಅಮ್ಮಿಯನ್ನು ನೋಡಿ ನಗುತ್ತಿದ್ದಾನೆ. ಲಕ್ಷ್ಮಿಕಾಂತ ಸಾಹೇಬರ ಹತ್ತಿರ ಮಾತಾಡುತ್ತಿದ್ದಾನೆ: ಪ್ರೆಸ್ಸಿನ ಕಾಗದ, ಪ್ರೆಸ್ಸಿನ ಕರೆಂಟು ಎಂದು ಚಾಡಿ ಹೇಳುತ್ತಿದ್ದಾನೆ. ಒಂದು ದಿನ ಅವನೇ ಹತ್ತಿರ ಬಂದು, ತಲೆ ಕೆರೆದುಕೊಂಡು ಕೇಳಿದ.

“ಸರ್, ಮೊದಲೆಲ್ಲಾ ಹಲಸೂರಾಗ ಬಳಿ ಮಾರಾಕಿಗಿ ಅಂಗಡಿಯವರು ಕಾಟ ಕೊಡ್ತಿದ್ರೇನ್ರಿ?”

“ನಿನಗ್ಯಾಕೆ ಗುರು ಅದೆಲ್ಲ?”

“ಸುಮ್ನ ಕೇಳ್ದೆ ನೋಡ್ರಿ,” ಎಂದು ಅವನು ಜಾರಿಕೊಂಡ.

ಸುಮ್ಮನೆ ಯಾರಾದರೂ ಏನಾದರೂ ಕೇಳುತ್ತಾರೆಯೇ? ಮುನಾವರನಿಗೆ ಖಾತ್ರಿಯಾಯಿತು. ಮೋನಿಷಾ ಹೊಸಬರ ಕಥೆ ಹುಡುಕುತ್ತಿದ್ದಾಳೆ. ಅವಳ ಪುಸ್ತಕಗಳ ಅಂಚು ಕತ್ತರಿಸುವವನು ಲಕ್ಷ್ಮಿಕಾಂತ. ಇಬ್ಬರಿಗೂ ಪರಿಚಯವಿರಲೇಬೇಕು. ನಾನು ತಿದ್ದುತ್ತ ಕೂತಿರುವಾಗ ಇವನು ತನ್ನ ಹೆಸರಿನಲ್ಲಿ ಕೊಟ್ಟುಬಿಡುತ್ತಾನೆ. ಬಿಡಬಾರದು, ಬಲೆ ಹಾಕಿ ಹಿಡಿಯಬೇಕು.

ಬಲೆ ಸಿದ್ಧವಾಯಿತು. ಕಥೆಗೆ ಇಲ್ಲದ ಒಂದು ಕೊನೆಯ ಪುಟ ಬರೆದ. ಬಳೆಗಾರ್ತಿ ಒಂದು ಮಧ್ಯಾಹ್ನ ಹಲಸೂರಿನ ಬೀದಿಯಲ್ಲಿ ಬುಟ್ಟಿ ಸಮೇತ ಕುಸಿದು ಬಿದ್ದು ಸತ್ತುಹೋಗುತ್ತಾಳೆ. ಅದನ್ನು ಪ್ರಿಂಟು ತೆಗೆದು, ಒಂದೂ ತಿದ್ದದೆ, ಎಲ್ಲರಿಗೂ ಕಾಣುವ ಹಾಗೆ ಡಬ್ಬಿಯ ಮೇಲಿಟ್ಟ. ಸಂಜೆಗೆ ಹಾಳೆ ಮಾಯ. ನಾಳೆ ಎಲ್ಲಾದರೂ ಈ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಮಾರನೆಯ ದಿನ ಲಕ್ಷ್ಮಿಕಾಂತ ಜೋಲುಮೋರೆ ಹಾಕಿಕೊಂಡು ಬಂದ. ಬಂದವನೇ ಒಂದು ಕಂತೆ ಲಗ್ನಪತ್ರಿಕೆಯನ್ನು ಸೊಟ್ಟಗೆ ಕತ್ತರಿಸಿ ಮದುಮಗಳ ಅರ್ಧ ಹೆಸರು ಹಾರಿಸಿದ. ಸಾಹೇಬರು ಕೂಗಾಡಿದರು. ಮುನಾವರ್ ಮೆಲ್ಲಗೆ ಪಕ್ಕಕ್ಕೆ ಹೋಗಿ ನಿಂತ.

“ಏನಾಯ್ತು ಲಕ್ಷ್ಮಿಕಾಂತ?”

“ನಿನ್ನೆ ಊಟಿಲ್ರಿ ಸರ್. ನಮ್ಮ ಭೀಮಬಾಯಿ ಒಲಿನೇ ಹಚ್ಚಿಲ್ಲ.”

“ಯಾಕೆ?”

“ಒಬ್ಬಾಕಿ ತೀರಿಕೊಂಡಾಳ್ರಿ.”

“ಯಾರು? ಊರಲ್ಲಾ?”

“ಇಲ್ರಿ, ಇಲ್ಲೇ ಹಲಸೂರಾಗ. ಬಳಿ ಮಾರ...” ಎಂದವನು ನಾಲಿಗೆ ಕಚ್ಚಿಕೊಂಡು ಮಷೀನಿನ ಕಡೆ ತಿರುಗಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಸರು ಕರೆಯದೆಯೇ ಮುಟ್ಟಿಕೊಂಡಿದ್ದ. ಮುನಾವರ್ ಅಲ್ಲೇ ಕೂಗಾಡಬಹುದಿತ್ತು. ಆದರೆ ಕೂಗಾಡಿದರೆ ಕಥೆ ಬರೆಯುವುದು ಎಲ್ಲರಿಗೂ ಗೊತ್ತಾಗುತ್ತದೆ. ಹಲ್ಲು ಕಚ್ಚಿ ಭಾನುವಾರದವರೆಗೆ ಕಾದ.

ಭಾನುವಾರ ಮಧ್ಯಾಹ್ನ ಮರ್ಫಿ ಟೌನಿಗೆ ಹೋದ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ. ‘ನೀನು ಕಳ್ಳ’ ಎನ್ನುವುದೋ, ‘ನೀನು ಮಾಡಿದ್ದು ಕಳ್ಳತನ’ ಎನ್ನುವುದೋ? ಎರಡನೆಯದು ವ್ಯಾಕರಣದಲ್ಲಿ ಗಟ್ಟಿ, ಮೊದಲನೆಯದರಲ್ಲಿ ಪೆಟ್ಟು ಜಾಸ್ತಿ. ತೀರ್ಮಾನವಾಗುವ ಮೊದಲೇ ಬಾಗಿಲು ಬಂದುಬಿಟ್ಟಿತ್ತು.

ಒಂದೇ ರೂಮು. ಹೊಸ್ತಿಲ ಹತ್ತಿರ ಲಕ್ಷ್ಮಿಕಾಂತ ಕೂತಿದ್ದ, ಕೈಯಲ್ಲಿ ಮುನಾವರನ ಹಾಳೆಗಳು. ಒಳಗೆ ಅವನ ಹೆಂಡತಿ ಭೀಮಬಾಯಿ ರೊಟ್ಟಿ ಬಡಿಯುತ್ತಿದ್ದಳು. ಇಂದಿರಾನಗರದ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸು, ಗಟ್ಟಿ ಧ್ವನಿ. ವಠಾರದ ಇಬ್ಬರು ಮೂವರು ಹೆಂಗಸರು ಮೆಟ್ಟಿಲ ಮೇಲಿದ್ದರು. ಮುನಾವರನನ್ನು ಕಂಡು ಲಕ್ಷ್ಮಿಕಾಂತ ದಡಕ್ಕನೆ ಎದ್ದ. ಹಾಳೆಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಹಿಂದೆ ಏನಿದೆ, ತೆಗಿ,” ಎಂದ ಮುನಾವರ್.

“ಕದ್ದಿಲ್ರಿ ಸರ್, ಕಸದಾಗ ಬಿದ್ದಿದ್ವು. ಮೊದಲಿಗಿ ರೊಟ್ಟಿ ಕಟ್ಟಲಾಕ ಒಯ್ದಿದ್ದೆ. ಕಟ್ಟೂ ಮುಂದ ಒಂದ್ ಸಾಲು ಓದ್ದೆ. ಇಕಿ ಮುಂದ ಓದು ಅಂದ್ಲು. ಅಲ್ಲಿಂದ ದಿನಾ ಇದೇ ನೋಡ್ರಿ. ಪ್ರೆಸ್ಸಿನ ಸ್ಟೋರ್ ರೂಮಿನ ರದ್ದಿ ಗಂಟಿನಾಗ ಹಳೀವು ಸಿಕ್ವು, ಅವನ್ನೂ ತಂದೆ.”

“ಯಾರಿಗೆ ಕೊಡೋಕೆ?”

“ಯಾರಿಗ್ಯಾಕ ಕೊಡ್ಲಿ?” ಲಕ್ಷ್ಮಿಕಾಂತನ ಮುಖದಲ್ಲಿ ಅರ್ಥವಾಗದ ಬೆಪ್ಪುತನವಿತ್ತು. ಇದು ನಾಟಕವೂ ಇರಬಹುದು ಎಂದು ಮುನಾವರ್ ಕಣ್ಣು ಕಿರಿದು ಮಾಡಿದ.

ಅಷ್ಟರಲ್ಲಿ ಭೀಮಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಇವರೇ ಏನು ಬರೆಯೋರು? ಬರ್ರಿ ಅಣ್ಣಾ. ಆಕಿನ್ನ ಯಾಕ ಕೊಂದ್ರಿ?”

ಆರೋಪ ಹೊರಿಸಲು ಬಂದವನೇ ಆರೋಪಿಯಾಗಿ ನಿಂತಿದ್ದ.

“ಮಗನ್ನ ಇನ್ನಾ ದಡಾ ಹಚ್ಚಿಲ್ಲ, ಬೀದ್ಯಾಗ ಕೆಡವಿ ಕೊಂದ್ರಿ. ಅಷ್ಟಕ್ಕೂ ಆಕಿ ಮೊದಲ ಹಾಳ್ಯಾಗಿದ್ದಾಕಿನೇ ಅಲ್ಲ ಬಿಡ್ರಿ. ಆಗ ಎಷ್ಟು ಛಂದ ಮಾತಾಡ್ತಿದ್ಲು. ಬರ್ತಾ ಬರ್ತಾ ಟೀವ್ಯಾಗ ಸುದ್ದಿ ಓದೋರಂಗ ಮಾತಾಡಲತ್ತಾಳ. ‘ತಿಳಿಸಿ ತಾಯಿ’ ಅಂತ! ಬಳಿ ಮಾರಾಕಿ ಹಂಗಂತಾಳೇನ್ರಿ? ಹಳೀದ್ರಾಗ ಏನಂತಿದ್ಲು,” ಎಂದು ಗಂಡನ ಕಡೆ ತಿರುಗಿ ತಾನೇ ಹೇಳಿದಳು, “‘ಹೇಲಿ ಅಮ್ಮಾ!’”

ಮೆಟ್ಟಿಲ ಮೇಲಿದ್ದ ಹೆಂಗಸರು ಗೊಳ್ಳೆಂದರು. ಮುನಾವರ್ ವರ್ಷಗಟ್ಟಲೆ ಹೆದರಿದ್ದ ನಗು ಇದೇ.

“ನಕ್ಕಿರಾ ನೀವು?” ಎಂದ.

“ನಗಲಾರದ ಇರ್ತಾರೇನ್ರಿ? ಹೊಟ್ಟಿ ಹಿಡಕೊಂಡು ನಕ್ಕೀವಿ.”

“ಅದು ನಮ್ಮಮ್ಮ!” ಎಂದು ಕೂಗಿದ ಮುನಾವರ್. ಕೂಗಿದ ಮೇಲೆ ತಾನು ಏನು ಬಿಟ್ಟುಕೊಟ್ಟೆ ಎಂದು ತಿಳಿಯಿತು.

ಭೀಮಬಾಯಿ ಅವನನ್ನೇ ನೋಡಿದಳು. “ಹಂಗಂದ್ರ... ಅವರು ಖರೇನೇ ಅದಾರೇನ್ರಿ? ಬದುಕ್ಯಾರ?”

“ಇದ್ದಾರೆ. ಮನೇಲಿದ್ದಾರೆ.”

ಭೀಮಬಾಯಿಯ ಕಣ್ಣಲ್ಲಿ ನೀರು ಬಂತು, ಅದರ ಮೇಲೆಯೇ ನಗುವೂ ಬಂತು. ವಠಾರದ ಕಡೆ ತಿರುಗಿ, “ಏ ಯವ್ವಾ, ಬಳಿ ಮಾರಾಕಿ ಸತ್ತಿಲ್ಲಂತ ಬರ್ರೇ!” ಎಂದು ಕೂಗಿದಳು. ಯಾವುದೋ ರೂಮಿನಿಂದ ಇನ್ನೊಬ್ಬಳು, “ಹೌದಾ? ದೇವರು ದೊಡ್ಡಾಂವ,” ಎಂದದ್ದು ಕೇಳಿಸಿತು. ಮುನಾವರ್ ಕುಕ್ಕರಿಸಿಬಿಟ್ಟ. ಎದುರಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂತು. ಚಟ್ನಿ ರುಚಿಯಾಗಿತ್ತು. ಯಾಕೆ ಇಷ್ಟು ಉಪಚಾರ ಎಂದು ಅಭ್ಯಾಸಬಲದಿಂದ ಒಮ್ಮೆ ಯೋಚಿಸಿದ.

ಅವನು ಮುಖ ಗಂಟಿಕ್ಕಿಕೊಂಡೇ ತಿನ್ನುವುದನ್ನು ನೋಡಿ ಭೀಮಬಾಯಿ ತನ್ನ ಕಥೆ ತೆಗೆದಳು. ಈ ಊರಿಗೆ ಬಂದ ಹೊಸದರಲ್ಲಿ ಕೆಲಸದ ಮನೆಯ ಅಮ್ಮ, “ತಿಂಡಿ ಆಯ್ತಾ ಭೀಮಬಾಯಿ?” ಎಂದು ಕೇಳಿದರಂತೆ. ಅವಳ ಊರಿನಲ್ಲಿ ತಿಂಡಿ ಎಂದರೆ ಮೈ ತುರಿಕೆ. “ನನಗ್ಯಾಕ್ರಿ ತಿಂಡಿ ಆಗ್ಬೇಕು, ನಿಮಗೇ ಆಗ್ಲಿ, ಅಂತ ಜಗಳಕ್ಕ ನಿಂತೆ. ಅವರು ದಂಗಾಗಿ ನಿಂತ್ರು. ಗೊತ್ತಾದ ಮ್ಯಾಲ ಇಬ್ರೂ ಅಡಗಿಮನಿಯಾಗ ಕುಂತು ಬಿದ್ದು ಬಿದ್ದು ನಕ್ವಿ. ಇವತ್ತಿಗೂ ಅವರು, ಏನ್ ಭೀಮಬಾಯಿ, ತಿಂಡಿ ಆಯ್ತಾ ಅಂತ ಕೇಳ್ತಾರ, ನಾನೂ ಕೆರಕೊಂಡು ತೋರಿಸ್ತೀನಿ,” ಎಂದು ಹೇಳಿ ಮತ್ತೆ ನಕ್ಕಳು. “ನಕ್ರ ಸಿಟ್ಟ್ಯಾಕ್ರಿ ಅಣ್ಣಾ? ನಾವೇನು ಆಕಿನ್ನ ದೂರ ಇಟ್ಟು ನಕ್ಕಿಲ್ಲ.”

ಹೊರಡುವಾಗ ಲಕ್ಷ್ಮಿಕಾಂತ ಹಳೆಯ ಕಟ್ಟನ್ನು ಅವನ ಕೈಗಿಟ್ಟ. “ಸರ್, ಇದರ ಮುಂದಿನದು ಬರೀರಿ. ಇದು ಛಲೋ ಅದ.”

ಮನೆಯ ದಾರಿಯಲ್ಲಿ ಮುನಾವರನ ಅನುಮಾನ ಮತ್ತೆ ತಲೆಯೆತ್ತಿತು. ಸಿಕ್ಕಿಬಿದ್ದರಲ್ಲ, ಅದಕ್ಕೇ ಹೊಗಳಿದರು. ಓದು ಬರಹ ಬಾರದ ಹೆಂಗಸು, ಅವಳಿಗೇನು ಗೊತ್ತು ಸಾಹಿತ್ಯ? ಆದರೆ ಪ್ರತಿ ಸಲವೂ ಒಂದು ಕಡೆ ಬಂದು ತಡವರಿಸುತ್ತಿದ್ದ. ಮುಖಸ್ತುತಿ ಮಾಡುವವರು ಒಲೆ ಹಚ್ಚದೆ ಉಪವಾಸ ಮಲಗುವುದಿಲ್ಲ.

ಕಥೆ ಕೊಡಬೇಕಾದರೆ ಒಂದು ಕೆಲಸ ಆಗಲೇಬೇಕಾಗಿತ್ತು. ಯಾರ ಬಾಯಿಯ ಮಾತೋ ಅವಳಿಗೆ ಓದಿ ಹೇಳಬೇಕು. ಆ ಮಾತಿನ ಅರ್ಥವೇನು, ಇಷ್ಟು ವರ್ಷ ಜನ ಯಾಕೆ ನಕ್ಕರು ಎಂಬುದನ್ನೂ ತಿಳಿಸಬೇಕು. ಎಪ್ಪತ್ತು ದಾಟಿದ ತಾಯಿಗೆ ಅವಳ ಜೀವಮಾನದ ಅವಮಾನವನ್ನು ಬಿಡಿಸಿ ಹೇಳುವ ಮಗ ಎಂಥವನು? ಬೇಡ ಎಂದಿತು ಒಂದು ಮನಸ್ಸು. ಹೇಳದೆ ಅಚ್ಚು ಹಾಕಿಸುವುದು ಅದಕ್ಕಿಂತ ಹೊಲಸು ಎಂದಿತು ಇನ್ನೊಂದು.

ಅಂದು ಸಂಜೆ ಮೆಹರುನ್ನೀಸಾ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮುನಾವರ್ ಸ್ಟೂಲು ಎಳೆದುಕೊಂಡು, “ಅಮ್ಮಿ, ಒಂದು ಓದ್ತೀನಿ, ಕೇಳು,” ಎಂದು ಹಳೆಯ ಕಟ್ಟು ಬಿಚ್ಚಿದ. ಬುಟ್ಟಿ ಬಂತು, ಹಲಸೂರಿನ ಬೀದಿ ಬಂತು, ‘ಹೇಲಿ ಅಮ್ಮಾ’ ಬಂತು. ತಲೆಯೆತ್ತಿ ನೋಡಿದ. ಅವಳು ಬೆಳ್ಳುಳ್ಳಿಯನ್ನೇ ನೋಡುತ್ತಿದ್ದಳು. ಸಿಟ್ಟು ಬಂದಿದೆಯಾ? ಅರ್ಥವಾಗಿಲ್ಲವಾ? ಅರ್ಥವಾಗದ ಹಾಗೆ ನಟಿಸುತ್ತಿದ್ದಾಳಾ? ಅವಳ ಮುಖದಲ್ಲಿ ಏನೂ ಸಿಗಲಿಲ್ಲ.

ಶಾಲೆಯ ಭಾಗ ಬಂತು. ಅವನು ಮಗ್ಗಿ ಬರೆಯದೆ ಹಲಸೂರು ಕೆರೆ ಏರಿಯ ಮೇಲೆ ತಿರುಗಿ ಸಿಕ್ಕಿಬಿದ್ದಾಗ ಮೇಷ್ಟ್ರು ತಾಯಿಯನ್ನು ಕರೆಸಿದ್ದರು. ಅವಳು ಬುಟ್ಟಿ ಸಮೇತ ಕ್ಲಾಸಿನ ಬಾಗಿಲಿಗೆ ಬಂದಳು. ಮೇಷ್ಟ್ರು ಹುಡುಗನ ಕೈ ಎಳೆದು ಬೆತ್ತ ಎತ್ತಿದ್ದರು. ಆಗ ಅವಳು ಎಲ್ಲರೆದುರು ಅಂದಳು: “ಬಿಡಿ ಮೇಷ್ಟ್ರೇ, ಮನೆಗೆ ಹೋಗಿ ನಾನು ಇವನಿಗೆ ಚೆನ್ನಾಗಿ ಹೇಲ್ತೀನಿ!” ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಹೆಗಲು ಕುಣಿಸಿ ನಕ್ಕರು. ಹುಡುಗನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಲ್ಲಿಗೆ ಮುನಾವರ್ ಓದು ನಿಲ್ಲಿಸಿದ.

“ಯಾಕೆ ನಿಂತೆ?” ಎಂದಳು ಮೆಹರುನ್ನೀಸಾ. ಮನೆಯಲ್ಲಿ ಅವರದು ದಖನಿ. ಆದರೆ ಕಥೆ ಕನ್ನಡದ್ದೆಂದೋ ಏನೋ, ಅವಳೂ ಕನ್ನಡದಲ್ಲೇ ಮಾತಾಡಿದಳು, ತನ್ನ ಕನ್ನಡದಲ್ಲಿ.

“ಅಮ್ಮಿ, ಆ ಮಾತು... ಅವತ್ತು ಎಲ್ಲ ಯಾಕೆ ನಕ್ರು ಗೊತ್ತಾ ನಿಂಗೆ? ನೀನು ಹೇಳಿದ್ದಕ್ಕೆ ಕನ್ನಡದಲ್ಲಿ ಬೇರೆ ಅರ್ಥ ಇದೆ. ಅದು...”

“ಗೊತ್ತು ಬೇಟಾ.”

“ಏನು ಗೊತ್ತು?”

“ಕಕ್ಕಸು.” ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿದಳು. “ನೀನು ಸ್ಕೂಲಿಗೆ ಸೇರೋ ಮುಂಚೇನೇ ಗೊತ್ತು. ಹಲಸೂರಲ್ಲಿ ರಾಮಲಕ್ಷ್ಮಮ್ಮ ಇರ್ಲಿಲ್ವಾ, ದಿನಾ ನೀರು ಕೊಡೋರು, ಅವರೇ ಹೇಲಿದ್ರು. ಹಂಗನ್ನಬಾರ್ದು ಮೆಹರು, ಹಿಂಗನ್ನು ಅಂತ. ಕಲೀಲಿಕ್ಕೆ ನೋಡ್ದೆ. ನಾಲಿಗೆ ತಿರುಗ್ಲಿಲ್ಲ. ಆಮೇಲೆ ನೋಡಿದ್ರೆ, ನಕ್ಕ ಹೆಂಗಸ್ರು ಕೈ ಮುಂದಕ್ಕೆ ಕೊಡ್ತಾರೆ. ನಗದೇ ಇರೋರು ಬಾಗ್ಲು ಹಾಕ್ತಾರೆ. ಸರಿ, ಇರ್ಲಿ ಅಂತ ಬಿಟ್ಟೆ.”

“ಶಾಲೇಲಿ?” ಮುನಾವರನ ಧ್ವನಿ ಅವನದೇ ಎಂದು ಅವನಿಗೇ ಗುರುತು ಸಿಗಲಿಲ್ಲ. “ಶಾಲೇಲಿ ಗೊತ್ತಿದ್ದೂ ಅಂದ್ಯಾ?”

“ಬುದ್ಧಿ ಕಲಿಸ್ತೀನಿ ಅನ್ನಬಹುದಿತ್ತು. ಅದು ಬರ್ತಿತ್ತು ನಂಗೆ. ಆದ್ರೆ ಮೇಷ್ಟ್ರ ಕೈಲಿ ಬೆತ್ತ ಇತ್ತಲ್ಲ. ನಿನ್ ಕೈ ಇಷ್ಟು ಸಣ್ಣ.” ಬೆಳ್ಳುಳ್ಳಿಯ ಒಂದು ಎಸಳನ್ನು ಎತ್ತಿ ತೋರಿಸಿದಳು. “ನಗ್ತಾ ಇರೋನು ಹೊಡೀತಾನಾ? ನೀನೇ ಹೇಲು. ಅವತ್ತು ಹೊಡೆದ್ರಾ ನಿನ್ನ?”

ಮುನಾವರ್ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಎತ್ತಿದ ಬೆತ್ತವಿತ್ತು. ನಗುವಿತ್ತು. ನಾಚಿಕೆಯಿತ್ತು. ಬೆತ್ತ ಆಮೇಲೆ ಎಲ್ಲಿ ಹೋಯಿತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಊರಿನವರ ಒತ್ತು ದೀರ್ಘಗಳನ್ನೆಲ್ಲ ಹಿಡಿದ ಕಣ್ಣು, ಇಷ್ಟು ಸಲ ತಿದ್ದಿದ ತನ್ನದೇ ಕಥೆಯಲ್ಲಿ ಇದನ್ನು ಕಂಡಿರಲಿಲ್ಲ. ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದವನು ತಾಯಿ ಜಾಣೆಯಿರಬಹುದು ಎಂದು ಒಂದು ದಿನವೂ ಅನುಮಾನಿಸಿರಲಿಲ್ಲ. ಅವನಿಗೆ ಅಳು ಬಂತು. ತಡೆಯಲು ನೋಡಲಿಲ್ಲ.

“ಕೈಕು ರೋತಾ ರೇ?” ಎಂದಳು ಮೆಹರುನ್ನೀಸಾ, ಯಾಕೋ ಅಳ್ತೀಯ ಎಂದು. “ಬೆಲ್ಲುಲ್ಲಿ ನಾನು ಬಿಡಿಸ್ತಿದ್ರೆ ಕಣ್ಣಲ್ಲಿ ನೀರು ನಿಂಗಾ?”

ಮರುದಿನ ಮುನಾವರ್ ಪ್ರೆಸ್ಸಿನಲ್ಲಿ ಎಲ್ಲರೂ ಇರುವಾಗಲೇ ಕಥೆ ತೆರೆದು ಕೂತ. ಬೆತ್ತ ಎಲ್ಲಿ ಹೋಯಿತೆಂದು ಬರೆದ. ‘ಲ’ಗಳನ್ನೆಲ್ಲ ಅವುಗಳ ಜಾಗಕ್ಕೆ ಕರೆಸಿಕೊಂಡ. ಕೊನೆಗೆ ತನ್ನ ಹೆಸರು ಹಾಕಿದ. ಇನ್ನೊಂದು ಸಲ ಓದಬೇಕೆಂದು ಕೈ ತುರಿಸಿತು. ಓದಿದರೆ ಕಳಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಓದದೆ ಕಳಿಸಿದ. ಕಳಿಸಿದ ಮೇಲೆ ಮಷೀನಿನ ಹತ್ತಿರ ಹೋಗಿ ಲಕ್ಷ್ಮಿಕಾಂತನಿಗೆ, “ಮುಗೀತು ಗುರು, ಭೀಮಬಾಯಿ ಅಕ್ಕನಿಗೆ ಹೇಳು,” ಎಂದ.

ಸಂಜೆ ಮೋನಿಷಾ ಫೋನು ಮಾಡಿದಳು. ಧ್ವನಿಯಲ್ಲಿ ಖುಷಿಯಿತ್ತು, ಸಂಕೋಚವೂ ಇತ್ತು.

“ಸರ್, ಕಥೆ ಸೂಪರ್. ಆದ್ರೆ ಒಂದು ಡೌಟು. ಹೇಗೆ ಕೇಳೋದೋ ಗೊತ್ತಾಗ್ತಿಲ್ಲ. ಆ ತಾಯಿ ಮಾತಲ್ಲಿ ಪೂರ್ತಿ ‘ಳ’ ಬದಲು ‘ಲ’ ಬಂದಿದೆ. ಒಂದು ಕಡೆಯಂತೂ... ತುಂಬಾ ಕೆಟ್ಟ ಅರ್ಥ ಬರುತ್ತೆ ಸರ್. ನಿಮ್ಮ ಕಣ್ಣಿಗೆ ತಪ್ಪಿಹೋಯ್ತಾ? ನಾನು ತಿದ್ಕೊಳ್ಳಲಾ?”

ಇನಾಯತ್ ಉಲ್ಲಾ ಸಾಹೇಬರು ಲೆಕ್ಕದಿಂದ ತಲೆಯೆತ್ತಿ ಇವನ ಕಡೆ ನೋಡಿದರು. ಲಕ್ಷ್ಮಿಕಾಂತ ಮಷೀನು ನಿಲ್ಲಿಸಿದ. ಮುನಾವರ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ತಪ್ಪಲ್ಲ ಮೇಡಂ. ಏನೂ ತಿದ್ದಬೇಡಿ. ಅದು ನಮ್ಮಮ್ಮ ಬೇಕು ಅಂತ್ಲೇ ಹೇಲಿದ್ದು.”